ರಾತ್ರಿ ಹತ್ತರ ಗುಳಿಗೆ

ಟಾಲಿನ್‌ನಿಂದ ಹೆಲ್ಸಿಂಕಿಗೆ ಹೊರಟ ಹಡಗು.
ಮಾರಿಕಾಗೆ ಹೊಟ್ಟೆ ತೊಳಸುತ್ತದೆ.
ಕಡಲೋ, ಗುಳಿಗೆಯೋ,
ಯಾರ ಮೇಲೆ ದೂರಲಿ?

ಎದೆ ಮುಟ್ಟಿದರೆ ನೋವು. ನಿನ್ನೆ
ಹನ್ನೆರಡನೇ ಕೋಣೆಯಲ್ಲಿ
ಯಾವುದೋ ಮಗುವಿನ ಒಂಟಿ ಕಾಲುಚೀಲ ಕಂಡು
ಬಿಕ್ಕಿಬಿಕ್ಕಿ ಅತ್ತಳು.

‘ಮೂರು ತಿಂಗಳು ತಾಳು,’
ಹಾಸಿಗೆ ಕೊಡವುತ್ತ ಹೆಲ್ವೆ,
‘ನನಗೆ ಈ ಹಡಗೂ ಒಗ್ಗಿದ್ದು ಹಾಗೇ.’

ಪರರ ಹಾಸಿಗೆಯ ಕಲೆಗೆ
ತಣ್ಣೀರು, ಚಿಟಿಕೆ ಉಪ್ಪು: ಕೈಗೆ ಬಾಯಿಪಾಠ.
ತನ್ನದೇ ಒಳಉಡುಪಿನ ಕಂದು ಚುಕ್ಕೆಯೆದುರು
ನಿಂತೇಬಿಟ್ಟಳು.
ಲೆಕ್ಕಕ್ಕೆ ಇನ್ನೂ ಹನ್ನೊಂದು ದಿನ!

ಹತ್ತಕ್ಕೆ ಫೋನು ಗುಂಯ್‌ಗುಟ್ಟಿತು.
ನೀರಿಲ್ಲದೆ ನುಂಗಿದಳು.
ಹಾಳೆಯ ಕೊನೆಯ ಏಳು ಬಿಳಿಯವು, ಬರೀ ಸಕ್ಕರೆ.
ಬೇಕಾದರೆ ಬಿಟ್ಟು
ಹೊಸ ಹಾಳೆಗೆ ದಾಟು ಎಂದಿದ್ದಾರೆ ಡಾಕ್ಟರು.

ಕಿಟಕಿಯಾಚೆ ದೀಪಗಳು.
ಹಡಗು ದಡ ಮುಟ್ಟುವುದು
ಕಂಪನಿ ಹೇಳಿದ ಹೊತ್ತಿಗೆ.
ಮುಟ್ಟು,
ಇನ್ನು ನಾನು ಹೇಳಿದ ದಿನ.