ಮೂಗಿನ ಕೂಲಿ

ಲ್ಯಾಂಗ್‌ಫರ್ಡ್ ರಸ್ತೆ, ಮೂರನೇ ಮಹಡಿ.
ಮೇಜಿನ ಮೇಲೆ ಬಿಳಿ ಬಟ್ಟೆ, ನಾಲ್ಕು ಗಾಜಿನ ಲೋಟ,
ಉದ್ದ ಕತ್ತಿನ ಹಸಿರು ಶೀಷೆ.
"ಕುಡಿಯೋದು ಬೇಡ ಅಮ್ಮ, ಮೂಸಿ ಹೇಳಿದ್ರೆ ಸಾಕು,
ಕನ್ನಡದಲ್ಲಿ ಕಾರ್ಡ್ ಮಾಡಿಸ್ತಾ ಇದೀವಿ"
ಅಂದ ನಿಶ್ಚಲ್ ಪೊನ್ನಪ್ಪ, ಗಡಿಯಾರ ನೋಡುತ್ತ.

ಮಾಗಡಿ ರಸ್ತೆಯ ಊದುಬತ್ತಿ ಕಾರ್ಖಾನೆಗೆ
ಮೂವತ್ತೊಂದು ವರ್ಷ
ಮೂಗನ್ನೇ ಬಾಡಿಗೆ ಕೊಟ್ಟವಳು ನಾನು.
ಹಾಲುಮಡ್ಡಿ ಕಲಬೆರಕೆಯೋ ಅಲ್ಲವೋ,
ಲಾವಂಚ ಈ ವರ್ಷದ್ದೋ ಹೋದ ವರ್ಷದ್ದೋ,
ಗೋಣಿ ಬಿಚ್ಚುವ ಮೊದಲೇ ಹೇಳುತ್ತಿದ್ದೆ.
ಧಣಿಗಳು ಪೇಟೆಯವರೆದುರು ನನ್ನ ತೋರಿಸಿ
"ಇದೇ ನಮ್ಮ ಮಿಷಿನ್ನು, ಅಕ್ಕಯ್ಯಮ್ಮ" ಅನ್ನುತ್ತಿದ್ದರು.

ಆ ಜ್ವರದ ವರ್ಷ ಮಿಷಿನ್ನು ಕೆಟ್ಟಿತು.
ಏಳು ತಿಂಗಳು ಒಗ್ಗರಣೆ ಸೀದರೂ ತಿಳಿಯದು,
ಮೊಮ್ಮಗುವಿನ ನೆತ್ತಿ ಮೂಸಿದರೆ ಬರೀ ಬಿಸಿ.
ಯಾರಿಗೂ ಹೇಳಲಿಲ್ಲ.
ಕುರುಡರಿಗೆ ಕೋಲಿದೆ, ಕಿವುಡರಿಗೆ ಸನ್ನೆಯಿದೆ,
ಮೂಗು ಸತ್ತವಳು ಏನು ಹಿಡಿದು ನಡೆಯಬೇಕು?
ಆಮೇಲೆ ಚೂರುಚೂರೇ ಬಂತು:
ಮೊದಲು ಫಿನಾಯಿಲು, ಆಮೇಲೆ ಇಂಗು.
ಮಲ್ಲಿಗೆ ಬರಲೇ ಇಲ್ಲ.
ಇದನ್ನು ನಿಶ್ಚಲನಿಗೂ ಹೇಳಲಿಲ್ಲ.
ಎರಡು ಸಾವಿರ ರೂಪಾಯಿ ಅಂದಿದ್ದ.

ಅವನು ಶೀಷೆಯ ಕಥೆ ಹೇಳಿದ:
ಜರ್ಮನಿ ದೇಶ, ಹೊಳೆಯ ಮೇಲೆ ಕಡಿದಾದ ಗುಡ್ಡ,
ಬಳ್ಳಿಯ ಬುಡದಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು,
ಸ್ಲೇಟು ಮಾಡುವ ಕಲ್ಲಂತೆ.
ಅಜ್ಜಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಅಳಿಯ,
ಅಷ್ಟೇ ಜನ. ವಿಷ ಹೊಡೆಯುವುದಿಲ್ಲ,
ತುರಚೆ ಸೊಪ್ಪು ನೆನೆಹಾಕಿದ ನೀರು ಹೊಡೀತಾರಂತೆ,
ಸಾಲಿನ ನಡುವೆ ಹುರುಳಿ ಥರದ್ದೇನೋ ಬಿತ್ತುತ್ತಾರಂತೆ.
"ಮೈಲುತುತ್ತ?" ಕೇಳಿದೆ.
ಅವನಿಗೆ ಗೊತ್ತಿಲ್ಲ. ಫೋನು ನೋಡಿ, "ಸ್ವಲ್ಪ" ಅಂದ.
ಹಾಗಾದರೆ ಅವರು ನಿಜವಾಗಿ ದ್ರಾಕ್ಷಿ ಬೆಳೆಯೋರೇ.
ಹೊಸಕೋಟೆ ಚಪ್ಪರದ ಕೆಳಗೆ ನಮ್ಮಪ್ಪನ ಬೆರಳ ಸಂದಿ
ಸಾಯುವವರೆಗೂ ನೀಲಿ.

"ಇದು ಡ್ರೈ" ಅಂದ. ಒಣ.
ಒದ್ದೆಯಾದದ್ದು ಒಣ ಹೇಗೆ?
ನಮ್ಮಲ್ಲಿ ಒಣ ಅಂದರೆ ಒಣ ಜಂಭ, ಒಣ ಮಾತು,
ಒಣ ಉಪಚಾರ, ಊಟಕ್ಕೇಳಿ ಅನ್ನದ ಮನೆಯದ್ದು.
"ಹಾಗಲ್ಲಮ್ಮ, ಹುಳಿಯುವಾಗ
ಇದ್ದ ಸಕ್ಕರೆಯೆಲ್ಲ ತಿಂದು ಮುಗಿದಿರುತ್ತೆ."
ಓಹೋ. ಸಕ್ಕರೆ ಮುಗಿದ ಮೇಲೂ ಉಳಿಯುವಂಥದ್ದು.
ನನಗೆ ಸಕ್ಕರೆ ಇನ್ನೂರಾ ನಲವತ್ತು.
ನನಗಿಂತ ಅದೇ ವಾಸಿ.

ಲೋಟ ಎತ್ತಿದೆ.
ಹೂವು ಬರಬೇಕಿತ್ತು. ಹಣ್ಣು ಬರಬೇಕಿತ್ತು.
ಬಂದದ್ದು ಸೀಮೆಎಣ್ಣೆ.

ಸೊಸೈಟಿ ಎದುರು ಕ್ಯಾನುಗಳ ಸಾಲು,
ನಮ್ಮ ಕ್ಯಾನಿಗೆ ಗುರುತಿನ ಕೆಂಪು ದಾರ,
ಪಂಪ್ ಸ್ಟೌವಿಗೆ ಪಿನ್ನು ಹಾಕುವ ಅಮ್ಮನ ಮೊಣಕೈ,
ಹತ್ತಿಕೊಂಡ ನೀಲಿ ಬೆಂಕಿಯ ಗೊರಕೆ.
ಮೂಗು ಇನ್ನೂ ಕೆಟ್ಟೇ ಇದೆ ಅಂದುಕೊಂಡೆ.
ಸಂಪಿಗೆ ಅಂದರೆ ಯಾರಿಗೆ ಗೊತ್ತಾಗುತ್ತೆ?
ಮೂವತ್ತೊಂದು ವರ್ಷ ಮೂಗು ಸುಳ್ಳಾಡಿದ್ದಿಲ್ಲ,
ಈಗ ಬಾಯಿಗೆ ಯಾಕೆ ಆ ಕೆಲಸ.

"ಸೀಮೆಎಣ್ಣೆ" ಅಂದೆ, ನೆಲ ನೋಡುತ್ತ.

ನಿಶ್ಚಲ್ ಕುರ್ಚಿಯಿಂದ ಎದ್ದೇಬಿಟ್ಟ.
ಈ ದ್ರಾಕ್ಷಿಗೆ ವಯಸ್ಸಾದರೆ ಅದೇ ಗುರುತಂತೆ,
ತಿಳಿದವರು ಅದನ್ನೇ ಹುಡುಕುತ್ತಾರಂತೆ.

ಧೈರ್ಯ ಬಂತು. ಮತ್ತೆ ಬಗ್ಗಿದೆ.
ಎಣ್ಣೆಯ ಹಿಂದೆ ದೇವನಹಳ್ಳಿ ಚಕ್ಕೋತ,
ತೊಳೆಯಲ್ಲ, ಸುಲಿಯುವಾಗ ಸಿಪ್ಪೆಯಿಂದ ಕಣ್ಣಿಗೆ ಹಾರುವ ಸಿಡಿ.
ಅದರ ಹಿಂದೆ ಎಂಜಲು ಹಚ್ಚಿ ಒರೆಸಿದ ಸ್ಲೇಟು.
ತುಂಬ ಹಿಂದೆ, ಗೋಡೆಯಾಚೆ
ಯಾರೋ ಮುಡಿದು ದಾಟಿದ ಹಾಗೆ,
ಮಲ್ಲಿಗೆ.
ಅದೊಂದನ್ನು ಕಾರ್ಡಿಗೆ ಕೊಡಲಿಲ್ಲ. ಇಟ್ಟುಕೊಂಡೆ.

ತಿಂಗಳಾದ ಮೇಲೆ ಕಾರ್ಡು ಬಂತು:
"ಹೂಗಳ ಮೃದು ಪರಿಮಳ, ಹಣ್ಣುಗಳ ಸೊಗಸು."
ಒಣ ಮಾತು.
"ಸೀಮೆಎಣ್ಣೆ ಅಂದ್ರೆ ಗಿರಾಕಿ ಬರ್ತಾರಾ ಅಮ್ಮ?" ಅಂದ.
ಚಕ್ಕೋತವನ್ನೂ ಬಿಟ್ಟಿದ್ದ, ಅದೇಕೋ.

ಖಾಲಿ ಶೀಷೆ ಕೇಳಿ ತಂದಿದ್ದೆ.
ಸೊಸೆ ಅದರಲ್ಲಿ ಮನಿಪ್ಲಾಂಟು ಇಟ್ಟಿದ್ದಾಳೆ.
ರಾತ್ರಿ ದೀಪ ಆರಿಸುವ ಮೊದಲು
ಬಳ್ಳಿ ಸರಿಸಿ ಮೂಸುತ್ತೇನೆ.
ಬರೀ ನೀರು.
ಕಾವೇರಿಯದ್ದಲ್ಲ, ಬೋರಿನದ್ದು.