ಒಂದೇ ಅಂಕಿ

ಮೊದಲೆಲ್ಲ ನಮ್ಮ ಮೆಷಿನ್ನಿಗೆ ಮೌನವ್ರತ.
ಚಹಾ, ಪರೋಟ, ಚಿಲ್ಲರೆ, ಎಲ್ಲ
ಡ್ರಾಯರಿನ ಬಾಯಿಗೆ ನೇರ ತುತ್ತು.
ಬಾವಾಕ ಹೇಳುತ್ತಿದ್ದರು: 'ಕೇಳಿದವರಿಗೆ ಮಾತ್ರ ಬಿಲ್ಲು.'
ಕೇಳುವವರು ಯಾರು, ಮುಹರಕ್ಕಿನ ಈ ಸಂದಿಯಲ್ಲಿ?

ಈಗ ಬಿಲ್ಲಿಗೊಂದು ನಂಬರು, ನಂಬರಿಗೊಂದು ಆಸೆ,
ತಿಂಗಳ ಕೊನೆಗೆ ಸರಕಾರದ ಡ್ರಾ.
ಎರಡು ಸಮೋಸಕ್ಕೆ ಎರಡು ಬಿಲ್ಲು ಬೇಕಂತೆ
ಡ್ರೈಡಾಕಿನ ಸುಕುಮಾರ ಮೆಂಡನ್‌ಗೆ.
ತೆರಿಗೆಯವರು ಒಬ್ಬರೂ ಬಂದದ್ದಿಲ್ಲ,
ಬಾವಾಕರ ಡ್ರಾಯರು ಕಾಯುತ್ತಿರುವುದು ಗಿರಾಕಿಗಳೇ.

ಬೀದಿ ಗುಡಿಸುವ ಮೊತಾಲಿಬ್
ಜನ ಎಸೆದದ್ದನ್ನು ಹೆಕ್ಕುವುದಿಲ್ಲ. 'ಅದು ಅವರ ನಸೀಬು.'
ತನ್ನ ನೂರು ಫಿಲ್ಸಿನ ಚಹಾದ್ದಷ್ಟೇ,
ನಾಲ್ಕು ಮಡಿಕೆ, ಕಿತ್ತಳೆ ಅಂಗಿಯ ಎದೆಗಿಸೆಯಲ್ಲಿ.

ಡ್ರಾ ಆದ ಮರುದಿನ
ಮಡಿಕೆ ಬಿಚ್ಚದೆಯೇ ಕೊಟ್ಟ: 'ಓದು ಭಾಯಿ.'
ಆಗಸ್ಟಿನ ಬೆವರು ಕುಡಿದ ಕಾಗದ
ತೊಳೆದಿಟ್ಟ ಬಸಿಯಷ್ಟು ಬೋಳು.
ಮೊಬೈಲಿನಲ್ಲಿ ಗೆದ್ದ ನಂಬರು ನೋಡಿಕೊಂಡೆ,
ಕಾಗದ ನನ್ನ ಕಡೆ ತಿರುಗಿಸಿ
ಬಿಳಿಯ ಮೇಲೆ ಬೆರಳಿಟ್ಟು ಓದಿದೆ,
ಕೊನೆಯದೊಂದನ್ನು ಬದಲಿಸಿ.

'ಒಂದೇ ಅಂಕಿ!' ಕುಣಿಯಲಿಲ್ಲ, ಅಷ್ಟೇ.
ಪೊರಕೆಯನ್ನು ಗೋಡೆಗೊರಗಿಸಿ
'ಇನ್ನೊಂದು ಚಹಾ ಹಾಕು' ಅಂದ.
'ಬಿಲ್ಲೂ.'