ಗುಂಡಿಯಷ್ಟು ದಪ್ಪ

ದಿಂಬಂ ಘಾಟಿಯ ಹದಿನಾಲ್ಕನೇ ತಿರುವಿನಲ್ಲಿ
ಕಬ್ಬಿನ ಲಾರಿಯ ಹಿಂದೆ ಇಳಿಯುವಾಗ
ಮುಂದಿನ ಎಡಚಕ್ರ ಕೀಚಲು ದನಿ ತೆಗೆಯಿತು,
ಎಣ್ಣೆ ಕಾಣದ ಹೊಲಿಗೆ ಮಿಷನ್ನಿನ ಹಾಗೆ.

ಸತ್ಯಮಂಗಲದ ಬಿಡಿಭಾಗದ ಅಂಗಡಿಯಲ್ಲಿ
ಪಳನಿಯಪ್ಪ ಡಿಸ್ಕೆರಡು, ಪ್ಯಾಡು ನಾಲ್ಕು ಸುತ್ತಿಕೊಟ್ಟು
ಯಾರು ಹಾಕುತ್ತಾರೆ ಎಂದು ಕೇಳಿದ.
ನಾನೇ ಅಂದೆ. ನಕ್ಕ.
ಆಮೇಲೆ ನಗದೆ ಹೇಳಿಕೊಟ್ಟ.
ಅವನು ಹೇಳಿದ್ದು ತಮಿಳು, ನಾನು ಬರೆದದ್ದು ಕನ್ನಡ,
ಬಿಲ್ಲಿನ ಬೆನ್ನ ಮೇಲೆ,
ಬ್ಲೌಸಿನ ಅಳತೆ ಬರೆಯುವ ಪೆನ್ಸಿಲಿನಲ್ಲಿ.

ತಾಳವಾಡಿಯಲ್ಲಿ ಭಾನುವಾರ. ಅಂಗಡಿಗೆ ಬಾಗಿಲು.
ಹಿಂದಿನ ಚಕ್ರಕ್ಕೆ ಒಡೆದ ರಾಗಿಕಲ್ಲು ಒತ್ತುಕೊಟ್ಟು
ನಟ್ಟು ಸಡಿಲಿಸಿದ್ದು ಮೊದಲು, ಜಾಕಿ ಏರಿಸಿದ್ದು ಆಮೇಲೆ.
ಹೆಗಲು ಕೂಡಿಸದೆ ತೋಳು ಹಚ್ಚುತ್ತಾರೆಯೇ ಯಾರಾದರೂ?
ಬರಿಯ ಜಾಕಿಯನ್ನು ನಂಬಬೇಡಿ, ಅಂದಿದ್ದ.
ಸ್ಟ್ಯಾಂಡು ಟ್ರ್ಯಾಕ್ಟರಿನವರ ಮನೆಯಿಂದ ಸಾಲ.
ಕಳಚಿದ ಚಕ್ರವನ್ನೂ ಕಾರಿನಡಿ ತಳ್ಳಿದೆ,
ನಂಬಿಕೆಗೆ ಒಂದು ತೇಪೆ ಇರಲಿ ಎಂದು.

ಹಳೆಯ ಪ್ಯಾಡು ಕೈಗೆ ಬಂತು.
ಅಂಗಿಯ ಗುಂಡಿಯಷ್ಟು ದಪ್ಪ.
ಒಳಗಡೆಯದು ಅಷ್ಟೂ ಇಲ್ಲ.
ಈ ಗುಂಡಿಯೊಂದರ ಮೇಲೆ
ಇಪ್ಪತ್ತೇಳು ತಿರುವು, ನಾನು, ಅತ್ತೆ,
ಮೂರು ಮೂಟೆ ಲೈನಿಂಗ್ ಬಟ್ಟೆ, ಎಷ್ಟು ಸಲ ಇಳಿದೆವೋ.
ಡಿಸ್ಕಿನ ಮೇಲೆ ಉಗುರು ಹಾಯಿಸಿದರೆ ನಡುವೆಲ್ಲ ಸವೆದು
ಅಂಚು ಮಾತ್ರ ಎದ್ದು ನಿಂತಿದೆ, ಮಡಿಚಿ ಹೊಲಿದ ಹಾಗೆ.

ಬಿಡಲೊಲ್ಲದು ತುಕ್ಕು.
ಸುತ್ತಿಗೆ, ಎಣ್ಣೆ, ಬೈಗುಳ, ಮತ್ತೆ ಸುತ್ತಿಗೆ.
ಕ್ಯಾಲಿಪರು ಕೊಳವೆಯಿಂದ ಜೋತಾಡಬಾರದು;
ಹ್ಯಾಂಗರಿನ ತಂತಿ ಬಗ್ಗಿಸಿ ಸ್ಪ್ರಿಂಗಿಗೆ ತೂಗುಹಾಕಿದೆ.
ಯಾರದೋ ಮದುವೆಯ ಬ್ಲೌಸು ತೂಗಬೇಕಿದ್ದ ಹ್ಯಾಂಗರು.

ಅಷ್ಟರಲ್ಲಿ ಅತ್ತೆ, ಪುಟ್ಟತಾಯಮ್ಮ,
ಬಿಸಿಲು ತಾಳದೆ ಡ್ರೈವರ್ ಸೀಟಿನಲ್ಲಿ ಕುಂತು
"ಇದೇನವ್ವ ಮೂರು ಮೆಟ್ಲು?
ನಿನ್ ಮಿಷನ್‌ಗೆ ಒಂದೇ ಅಲ್ವಾ?" ಅಂದರು.
ತೆರೆದ ಬಾಗಿಲಲ್ಲಿ ಅವರ ಹವಾಯಿ ಚಪ್ಪಲಿ ಕಂಡಿತು,
ನಡುವಿನ ಪೆಡಲಿನ ಮೇಲೆ.
ಈಗ ಒತ್ತಿದರೆ ಪಿಸ್ಟನ್ನು ಹೊರಗೆ ನೆಗೆದು ಬೀಳುತ್ತದೆ.
"ನಿಲ್ಲು!"
ಅತ್ತೆಗೆ ಏಕವಚನ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.
ಕಾಲು ಗಾಳಿಯಲ್ಲೇ ನಿಂತಿತು.
ಪಳನಿಯಪ್ಪ ಅಂದದ್ದೂ ಅದೇ: ಬ್ರೇಕು ಅಂದರೆ ಬೇರೇನಲ್ಲಮ್ಮಾ,
ಓಡುವುದರ ಕಿವಿಯಲ್ಲಿ ನಿಲ್ಲು ಅನ್ನುವುದು.
ಆ ಒಂದು ಮಾತನ್ನು ಮಾತ್ರ
ಕೇಳಿದ ಹಾಗೇ ಬರೆದುಕೊಂಡಿದ್ದೆ.

ಹಳೆಯ ಪ್ಯಾಡನ್ನೇ ಅಡ್ಡಕೊಟ್ಟು, ಕ್ಲಾಂಪು ಬಿಗಿಸುತ್ತ
ಪಿಸ್ಟನ್ನನ್ನು ಒಳಗೆ ಕಳಿಸಿದೆ, ಅವಸರಿಸದೆ,
ಅತ್ತ ಎಣ್ಣೆ ಡಬ್ಬಿ ಉಕ್ಕೀತೆಂದು ಒಂದು ಕಣ್ಣಿಟ್ಟು.
ಗ್ರೀಸು ಪಿನ್ನಿಗೆ ಮಾತ್ರ. ಹೊಸ ಡಿಸ್ಕಿನ ಮುಖ
ರೇಷ್ಮೆ ಮುಟ್ಟುವ ಕೈಯಲ್ಲಿ ಒರೆಸಿದೆ.
ಬೋಲ್ಟುಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ, ಕಚ್ಚಾ ಹೊಲಿಗೆ;
ಸ್ಪಾನರು ಆಮೇಲೆ.
ಬಲಗಡೆಗೆ ಅರ್ಧ ಹೊತ್ತು ಸಾಕಾಯಿತು.

ಮೊದಲ ಸಲ ಒತ್ತಿದಾಗ ಪೆಡಲು ಸೀದಾ ನೆಲಕ್ಕಿಳಿಯಿತು.
ಎದೆಯೂ.
ಎರಡು, ಮೂರು... ಆರನೆಯದಕ್ಕೆ
ಪಾದದಡಿ ಏನೋ ಎದುರು ನಿಂತಿತು.
ಗೊತ್ತು ನನಗೆ ಅದು: ಓಡುವ ಮಿಷನ್ನಿನ ಚಕ್ರವನ್ನು
ಅಂಗೈಯೊತ್ತಿ ನಿಲ್ಲಿಸುತ್ತೇನಲ್ಲ ದಿನಕ್ಕೆ ನೂರು ಸಲ,
ಈ ಜಡ್ಡುಗಟ್ಟಿದ ಜಾಗದಲ್ಲಿ.

ಸಂಜೆ ಗಡಿಯ ಚೆಕ್‌ಪೋಸ್ಟಿನವರೆಗೆ ಹೋಗಿ ಬಂದೆವು,
ಮೆಲ್ಲಗೆ ಓಡಿಸಿ, ಮೆಲ್ಲಗೆ ನಿಲ್ಲಿಸಿ, ಮತ್ತೆ ಓಡಿಸಿ.
ಸುಟ್ಟ ವಾಸನೆ. ಹೊಸತು ಒಗ್ಗುವ ತನಕ ಇರುತ್ತದಂತೆ.
ಯಾಕಮ್ಮ ನಿಂತು ನಿಂತು ಹೋಗ್ತೀರಿ? ಎಂದ ಪೊಲೀಸಿಗೆ
ನಿಲ್ಲೋದು ಕಲಿಸ್ತಿದೀನಿ ಅಂದೆ.

ಹಳೆಯ ಪ್ಯಾಡು ಈಗ ಕತ್ತರಿಸುವ ಮೇಜಿನ ಮೇಲಿದೆ,
ಫ್ಯಾನಿನ ಗಾಳಿಗೆ ಬಟ್ಟೆ ಹಾರದಂತೆ.
ಅತ್ತೆ ರೇಷನ್ ಅಂಗಡಿಯ ಸಾಲಿನಲ್ಲಿ
ಹೇಳಿಕೊಂಡು ತಿರುಗುತ್ತಿದ್ದಾರಂತೆ:
"ನನ್ ಸೊಸೆ ನನ್ನೇ ನಿಲ್ಸ್‌ಬುಟ್ಲು ಕಣ್ರವ್ವ,
ಕಾರು ಯಾವ್ ಲೆಕ್ಕ."